ಬಾರದ ಗೆರೆ

ಕುರಿಯ ರಕ್ತ ಬರುವುದು ಮಂಗಳವಾರ,
ಹೊಳೆಹೊನ್ನೂರು ರಸ್ತೆಯ ಮೈಲಾರಪ್ಪನ ಹಟ್ಟಿಯಿಂದ.
ಸೀಸೆಯೊಳಗೆ ಗಾಜಿನ ಮಣಿ ಕುಲುಕುತ್ತ ಕುಲುಕುತ್ತ
ಹೆಪ್ಪು ತೆಗೆದು, ಶಿವಮೊಗ್ಗದ ಬಸ್ಸಿನಲ್ಲಿ
ತೊಡೆಯ ಮೇಲಿಟ್ಟುಕೊಂಡು ತರುತ್ತೇನೆ.
'ಯಾರಿಗಮ್ಮ ಇದು?' ಎನ್ನುತ್ತಾನೆ ಪ್ರತಿ ಸಲ.
'ಕಣ್ಣಿಗೆ ಕಾಣದವಕ್ಕೆ.'
'ಕಾಣದವಕ್ಕೆ ನಾವೂ ಕೊಡ್ತೀವಿ ಬಿಡಿ, ವರ್ಷಕ್ಕೊಂದು ಸಲ.
ನಿಮ್ದು ವಾರವಾರ.'

ಬೆಳಗಾಗುವಷ್ಟರಲ್ಲಿ ಕೆಂಪು ತಟ್ಟೆಯಲ್ಲಿ ಬಂದಿದ್ದವು:
ಸಾಸಿವೆಗಿಂತ ಸಣ್ಣ ಚುಕ್ಕಿ, ನಡುವೆ ಕುಳಿ,
ಸುತ್ತ ಪಾಚಿಬಣ್ಣದ ವರ್ತುಲ.
ಆನಂದಪುರದ ಆಚೆ ಜಂಬಿಟ್ಟಿಗೆ ಕಡಿಯುವವರ ಕೂಸು,
ಏಳು ತಿಂಗಳು,
ಬೆನ್ನುಹುರಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ.
ಸೀಸೆಯ ಮೇಲೆ ಹೆಸರಿಲ್ಲ,
'ಬೇಬಿ ಆಫ್ ಹುಲಿಗೆಮ್ಮ' ಅಷ್ಟೆ.

ಸೆವ್ರಿನ್ ಮೇಡಂ ಹೇಳುತ್ತಿದ್ದರು:
ಇವು ಬೆತ್ತಲೆ ಬಂದರೆ ಮೈ ಬಿಡುವುದಿಲ್ಲ, ನುಂಗಿಬಿಡುತ್ತದೆ.
ಅದಕ್ಕೇ ಅಂಗಿ ತೊಟ್ಟು ಬರುತ್ತವೆ.
ಅಂಗಿ ಎಂದರೆ ಸಕ್ಕರೆ.
ನೂರರ ಹತ್ತಿರ ಹೊಲಿಗೆಗಳು, ಒಂದೊಂದಕ್ಕೂ ಒಂದು ಸಂಖ್ಯೆ.
ಈ ಕೂಸಿನದು ಹತ್ತೊಂಬತ್ತು.

ಅಂಗಿ ಕಳಚುವುದು ನನ್ನ ಕೆಲಸ.
ಫಿನಾಲಿನಲ್ಲಿ ಕಲಕಿ ಪ್ರೊಟೀನು ಬೇರೆ ಮಾಡಿ
ತಣ್ಣನೆಯ ಸ್ಪಿರಿಟ್ಟು ಹನಿಹನಿಯಾಗಿ ಬಿಟ್ಟರೆ
ಏನೂ ಇಲ್ಲದ ನೀರಿನಿಂದ ಬಿಳಿ ಎಳೆ ಇಳಿಯುತ್ತದೆ;
ಶಾಲೆ ಗೇಟಿನ ಬಾಂಬೆ ಮಿಠಾಯಿಯವನ ಹಾಗೆ
ಗಾಜಿನ ಕಡ್ಡಿಗೆ ಸುತ್ತಿಕೊಳ್ಳುತ್ತೇನೆ.
ಒಂದು ಚೂರಿಗೆ ಗಂಧಕಾಮ್ಲ ಬಿದ್ದರೆ
ಬಣ್ಣ ತಿರುಗುತ್ತದೆ, ಥೇಟು ಜೋನಿಬೆಲ್ಲ.
ಅಪ್ಪನ ಆಲೆಮನೆಯಲ್ಲಿ ಹದ ನೋಡುವಾಗ
ಬೆರಳದ್ದಿ ನೆಕ್ಕುತ್ತಿದ್ದೆ. ಇಲ್ಲಿ ನೆಕ್ಕುವ ಹಾಗಿಲ್ಲ.
ಇದು ಸಿಹಿಯೋ ಅಲ್ಲವೋ
ಯಾರಿಗೂ ಗೊತ್ತಿಲ್ಲವೇನೋ.

ಆಮೇಲೆ ಅಗಾರು. ಕೊಳವೆಯಿಂದ ಕೊರೆದ ಗುಳಿಗಳು
ಚೆನ್ನೆಮಣೆಯ ಹಾಗೆ, ಹುಣಿಸೆಬೀಜ ಇಲ್ಲ ಅಷ್ಟೆ.
ನಡುವಿನ ಗುಳಿಗೆ ಸಕ್ಕರೆ.
ಒಂದು ಪಕ್ಕ ಮೊಲದ ಸೀರಂ. ಮೊಲ ಇದನ್ನು ಬಲ್ಲದು.
ಇನ್ನೊಂದು ಪಕ್ಕ ಕೂಸಿನದು.
ಒದ್ದೆ ಹತ್ತಿಯ ಡಬ್ಬಿಯಲ್ಲಿಟ್ಟು ಮುಚ್ಚಿದರೆ
ಆ ಕಡೆಯಿಂದ ಅದು, ಈ ಕಡೆಯಿಂದ ಇದು ಹೊರಟು
ನಡುದಾರಿಯಲ್ಲಿ ಎದುರಾಗಬೇಕು.
ಗುರುತು ಸಿಕ್ಕಲ್ಲಿ ಬಿಳಿ ಗೆರೆ.

ಎರಡು ದಿನವಾಯಿತು. ಮೊಲದ ಕಡೆ ಗೆರೆ,
ಉಗುರಿನ ಬುಡದ ಚಂದ್ರನ ಹಾಗೆ.
ಕೂಸಿನ ಕಡೆ ಏನಿಲ್ಲ.
ದೀಪಕ್ಕೆ ಹಿಡಿದೆ, ಕಪ್ಪು ಕಾಗದದ ಮೇಲಿಟ್ಟೆ,
ಕಣ್ಣು ಕಿರಿದು ಮಾಡಿದೆ.
ಏನಿಲ್ಲ.

'ಎರಡು ವರ್ಷದ ತನಕ ಮೈಗೆ
ಸಕ್ಕರೆ ಶತ್ರು ಅನ್ನೋದು ತಿಳಿಯಲ್ಲ' ಅಂದರು ಮೇಡಂ.
'ಒಂದು ಪ್ರೊಟೀನಿನ ಕೈ ಹಿಡಿಸಿ ಕಳಿಸಿದರೆ ತಿರುಗಿ ನೋಡತ್ತೆ.
ಆ ಸೂಜಿ ಆ ಕ್ವಾರಿಗೆ ಹೋಗಿರಲಿಲ್ಲ.'
ಆಮೇಲೆ ಕನ್ನಡಕ ಒರೆಸಿಕೊಂಡರು, ತುಂಬ ಹೊತ್ತು.

ಹದಿನೇಳನೆಯ ದಿನ ಹುಲಿಗೆಮ್ಮ ಬಂದಳು,
ಮಡಿಲಲ್ಲಿ ಕೂಸು. ಬದುಕಿದೆ.
ಪೇಪರಿನ ಪೊಟ್ಟಣದಲ್ಲಿ ಕಾಲು ಕೆಜಿ ಸಕ್ಕರೆ:
'ಬಾಯಿ ಸಿಹಿ ಮಾಡ್ಕೋರಿ ಅಕ್ಕಾರ.'
ಲ್ಯಾಬಿನೊಳಗೆ ಬಾಯಿಗೆ ಏನೂ ಹಾಕುವ ಹಾಗಿಲ್ಲ,
ಮೆಟ್ಟಿಲಿಗೆ ಬಂದೆ. ಹಾಕಿಕೊಂಡೆ. ಕರಗಿತು.
ಕೀಲಿಗೊಂಚಲು ಕೈಜಾರಿ ಗ್ರಾನೈಟಿನ ಮೇಲೆ ಬಿತ್ತು,
ಕಾರಿಡಾರಿನ ಆ ತುದಿಯ ಕಾವಲುಗಾರನೂ ತಿರುಗಿದ.
ಕೂಸು ತಿರುಗಲಿಲ್ಲ.
ಅವಳು ನೋಡಿದಳು, ನಾನು ನೋಡಿದೆ.
ಮತ್ತೊಮ್ಮೆ ಬೀಳಿಸಲು ಇಬ್ಬರಿಗೂ ಧೈರ್ಯವಿರಲಿಲ್ಲ.

'ಹೆಸರು ಇಟ್ರಾ?'
'ನೀಲಗಂಗಾ.'

ಸಂಜೆ ಫ್ರೀಜರಿನಿಂದ ಆ ಪುಟ್ಟ ನಳಿಗೆ ತೆಗೆದು
ಚೀಟಿಯ ಮೇಲೆ ಬರೆದೆ, ಪೆನ್ಸಿಲಿನಲ್ಲಿ.
ಶಾಯಿ ಸ್ಪಿರಿಟ್ಟಿಗೆ ಹೋಗುತ್ತದೆ. ಪೆನ್ಸಿಲು ಹೋಗುವುದಿಲ್ಲ.